ಪಿಎಂಪಿ, ಸಿಎಪಿಎಂ, ಪ್ರಿನ್ಸ್-2, ಸ್ಕ್ರಮ್: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಯಾವ ಪರೀಕ್ಷೆ ಸರಿ?

ಉದ್ಯಮಬಾಗದ ಫೌಂಡ್ರಿಯಲ್ಲಿ ಹೊಸ ಲೈನ್ ಹಾಕಿಸುತ್ತಿರುವ ಎಂಜಿನಿಯರ್, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯ ಮೆಕ್ಯಾನಿಕಲ್ ವಿಭಾಗದವರು, ಕೂಡಗಿ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ನೋಡಿಕೊಳ್ಳುವವರು, ಬೆಳಗಾವಿಯ ಮನೆಯಲ್ಲೇ ಕೂತು ಪುಣೆಯ ಕಂಪನಿಗೆ ಸಾಫ್ಟ್‌ವೇರ್ ಬರೆಯುವವರು. ಇವರೆಲ್ಲ ಕೇಳುವುದು ಒಂದೇ ಮಾತು: "ಪಿಎಂಪಿ ಮಾಡಿಬಿಡಲೇನು?" ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಕೊಡುವ ಪರೀಕ್ಷೆಗಳಲ್ಲಿ ಪಿಎಂಪಿಗೆ ಹೆಸರು ಜಾಸ್ತಿ, ನಿಜ. ಆದರೆ ಹೆಸರು ನೋಡಿ ಪರೀಕ್ಷೆ ಆರಿಸಿದರೆ ಕೋಚಿಂಗ್ ಶುಲ್ಕ ಕಟ್ಟಿ ಆರು ತಿಂಗಳಾದ ಮೇಲೆ, ಅರ್ಜಿ ತುಂಬುವ ಹೊತ್ತಿಗೆ "ನಿಮಗೆ ಅರ್ಹತೆ ಇಲ್ಲ" ಎಂದು ಗೊತ್ತಾಗುತ್ತದೆ. ಆದ್ದರಿಂದ ಮೊದಲು ಎಣಿಸಬೇಕಾದದ್ದು ಕಾಗದದ ಮೇಲೆ ತೋರಿಸಬಲ್ಲ ಅನುಭವದ ತಿಂಗಳುಗಳನ್ನು. ಎರಡನೆಯದಾಗಿ ನಿಮ್ಮ ಕೆಲಸದ ಜಾತಿಯನ್ನು ನೋಡಿ: ಮೊದಲೇ ನಕ್ಷೆ, ಅಂದಾಜುಪಟ್ಟಿ ಇದ್ದು ನಡೆಯುವ ಕೆಲಸವೋ, ಮಾಡುತ್ತ ಮಾಡುತ್ತ ರೂಪ ಪಡೆಯುವ ಕೆಲಸವೋ. ಶುಲ್ಕ, ಹೆಸರು, ಸಂಬಳದ ಮಾತು ಇವೆರಡೂ ಆದ ಮೇಲೆ.

ತಿಂಗಳು ಎಣಿಸುವ ಲೆಕ್ಕ

ಪಿಎಂಪಿ ಕೊಡುವುದು ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್), 1969ರಲ್ಲಿ ಹುಟ್ಟಿದ ಸಂಸ್ಥೆ. 2021ರಲ್ಲಿ ಜಾರಿಗೆ ಬಂದ ಪರೀಕ್ಷಾ ರೂಪುರೇಷೆಯ ಕಾಲದ ನಿಯಮ ಹೀಗಿದೆ: ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮನಾದ ಓದು ಇದ್ದರೆ ಕಳೆದ 8 ವರ್ಷದೊಳಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿರಬೇಕು. ಡಿಪ್ಲೊಮಾ ಅಥವಾ ಪಿಯುಸಿ ಮಟ್ಟದವರಿಗೆ ಅದು 60 ತಿಂಗಳು. ಜೊತೆಗೆ 35 ಗಂಟೆಯ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತರಬೇತಿ. ಪುಸ್ತಕ ಓದಿದ ಗಂಟೆ ಇದರಲ್ಲಿ ಸೇರುವುದಿಲ್ಲ. ತರಗತಿ ಅಥವಾ ಆನ್‌ಲೈನ್ ಕೋರ್ಸ್ ಆಗಿರಬೇಕು, ಗಂಟೆ ನಮೂದಾದ ಪ್ರಮಾಣಪತ್ರ ಕೈಯಲ್ಲಿರಬೇಕು. ಪಿಎಂಐ ಆಗಾಗ ನಿಯಮ ತಿದ್ದುತ್ತದೆ, ಹಾಗಾಗಿ ಅರ್ಜಿ ತೆರೆಯುವ ದಿನ ಅವರ ತಾಣದಲ್ಲಿರುವ ಕೈಪಿಡಿಯನ್ನೇ ಇಳಿಸಿಕೊಂಡು ಓದಿ. ಯಾವುದೋ ವಿಡಿಯೋದಲ್ಲಿ ಹೇಳಿದ್ದು ಸಾಲದು.

ಇಲ್ಲಿ ನಮ್ಮ ಭಾಗದವರು ಎಡವುವುದು ಮೂರು ಕಡೆ.

ಒಂದು, ನೌಕರಿಯ ವರ್ಷವನ್ನೇ ಪ್ರಾಜೆಕ್ಟ್ ಅನುಭವ ಎಂದುಕೊಳ್ಳುವುದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಕಾರ್ಯಾಚರಣೆ, ಪ್ರಾಜೆಕ್ಟ್ ಅಲ್ಲ. ದಿನಾ ಅದೇ ಕೆಲಸ, ಅದೇ ಪಾಳಿ. ಆದರೆ ಹಂಗಾಮು ಮುಗಿದ ಮೇಲೆ ಮಿಲ್ ಬಿಚ್ಚಿ ಪೂರ್ತಿ ಓವರ್‌ಹಾಲ್ ಮಾಡುವುದಕ್ಕೆ ಆರಂಭ, ಅಂತ್ಯ, ಬಜೆಟ್, ನಿಗದಿತ ವ್ಯಾಪ್ತಿ ಎಲ್ಲವೂ ಇವೆ. ಅದು ಪ್ರಾಜೆಕ್ಟ್. ಹೊಸ ಡಿಸ್ಟಿಲರಿ ಘಟಕ, ಬಾಯ್ಲರ್ ಬದಲಾವಣೆ ಇವಂತೂ ಸರಿಯೇ ಸರಿ. ವರ್ಷಕ್ಕೆ 5 ತಿಂಗಳು ಇಂಥ ಕೆಲಸ ಹಿಡಿದರೆ 36 ತಿಂಗಳಿಗೆ ಎಂಟು ವರ್ಷ ಬೇಕು. 6 ತಿಂಗಳು ಹಿಡಿದರೆ ಆರು ವರ್ಷ ಸಾಕು. ಎಂಟು ವರ್ಷದ ಮಿತಿ ಎಷ್ಟು ಬಿಗಿಯಾಗಿ ಕೂರುತ್ತದೆ ನೋಡಿ: ನಡುವೆ ಒಂದು ವರ್ಷ ದೊಡ್ಡ ಕೆಲಸ ಇಲ್ಲದೆ ಹೋದರೆ, ಐದು ತಿಂಗಳ ಲೆಕ್ಕದವರಿಗೆ ಅರ್ಹತೆ ತಪ್ಪುತ್ತದೆ.

ಎರಡು, ಒಂದೇ ತಿಂಗಳನ್ನು ಎರಡು ಸಲ ಎಣಿಸುವುದು. ಜನವರಿಯಿಂದ ಜೂನ್‌ವರೆಗೆ ಬೆಳಗಾವಿಯಲ್ಲಿ ಒಂದು ರಸ್ತೆ, ಖಾನಾಪುರದಲ್ಲಿ ಒಂದು ಸೇತುವೆ ಒಟ್ಟಿಗೆ ನೋಡಿಕೊಂಡಿದ್ದರೆ ಅದು 6 ತಿಂಗಳೇ, 12 ಅಲ್ಲ.

ಮೂರು, ಹುದ್ದೆಯ ಹೆಸರಿಗೆ ಅಂಜುವುದು. ನೇಮಕಪತ್ರದಲ್ಲಿ "ಪ್ರಾಜೆಕ್ಟ್ ಮ್ಯಾನೇಜರ್" ಎಂದಿರಲೇಬೇಕು ಎಂದೇನಿಲ್ಲ. ಸೈಟ್ ಎಂಜಿನಿಯರ್ ಆಗಿದ್ದುಕೊಂಡೇ ವೇಳಾಪಟ್ಟಿ ಹಾಕಿ, ಉಪಗುತ್ತಿಗೆದಾರರನ್ನು ನಡೆಸಿ, ಬಿಲ್ ಮತ್ತು ಗುಣಮಟ್ಟಕ್ಕೆ ಹೊಣೆ ಹೊತ್ತಿದ್ದರೆ ಅದು ಮುನ್ನಡೆಸಿದ ಅನುಭವ. ಬರೀ ಅಳತೆ ಪುಸ್ತಕ ಬರೆದಿದ್ದರೆ ಅಲ್ಲ. ಅರ್ಜಿಯಲ್ಲಿ ಪ್ರತಿ ಪ್ರಾಜೆಕ್ಟಿನ ವಿವರಣೆಗೆ ಉದ್ದೇಶ, ನಿಮ್ಮ ಪಾತ್ರ, ಮಾಡಿದ ಕೆಲಸ, ಫಲಿತಾಂಶ, ಈ ನಾಲ್ಕು ಬಂದರೆ ಸಾಕು. "40 ಕಾರ್ಮಿಕರಿದ್ದರು, ಕೆಲಸ ಚೆನ್ನಾಗಿ ಆಯಿತು" ಎಂದು ಬರೆದರೆ ತಿರುಗಿ ಬರುತ್ತದೆ.

ಕೆಲವು ಅರ್ಜಿಗಳನ್ನು ಪಿಎಂಐ ಆಡಿಟ್‌ಗೆ ಆರಿಸುತ್ತದೆ. ಆರಿಸಿದರೆ 90 ದಿನದೊಳಗೆ ಪದವಿ ಪತ್ರ, ತರಬೇತಿಯ ಪ್ರಮಾಣಪತ್ರ, ಪ್ರತಿ ಪ್ರಾಜೆಕ್ಟಿಗೂ ಅದನ್ನು ಬಲ್ಲವರ ದೃಢೀಕರಣ ಒದಗಿಸಬೇಕು. ಬಾಯಿಮಾತಿನ ಮೇಲೆ, ನಗದು ಸಂಬಳಕ್ಕೆ ಗುತ್ತಿಗೆದಾರರ ಹತ್ತಿರ ಕೆಲಸ ಮಾಡಿದವರಿಗೆ ಕಷ್ಟ ಬರುವುದು ಇಲ್ಲೇ. ಅರ್ಜಿ ಹಾಕುವ ಮೊದಲೇ ಆ ಹಳೆಯ ಸಾಹೇಬರಿಗೆ ಫೋನ್ ಹಚ್ಚಿ, ದೃಢೀಕರಿಸುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಆಡಿಟ್ ಬಂದ ಮೇಲೆ ಹುಡುಕಲು ಹೋದರೆ ಅವರು ನಂಬರ್ ಬದಲಿಸಿರುತ್ತಾರೆ.

ತಿಂಗಳು ಸಾಲದಿದ್ದರೆ

ಹಾಗಿದ್ದರೆ ಸಿಎಪಿಎಂ. ಇದೂ ಪಿಎಂಐನದೇ. ಅನುಭವ ಬೇಡ, ಪಿಯುಸಿ ಮಟ್ಟದ ಓದು ಮತ್ತು 23 ಗಂಟೆಯ ತರಬೇತಿ ಇದ್ದರಾಯಿತು. 150 ಪ್ರಶ್ನೆ, 3 ಗಂಟೆ. 2023ರಲ್ಲಿ ಬದಲಾದ ರೂಪುರೇಷೆಯಲ್ಲಿ ಮೂಲ ತತ್ವಗಳಿಗೆ 36%, ಬಿಸಿನೆಸ್ ಅನಾಲಿಸಿಸ್‌ಗೆ (ಸಂಸ್ಥೆಗೆ ಬೇಕಾದದ್ದೇನು ಎಂದು ಕಂಡುಕೊಳ್ಳುವುದಕ್ಕೆ) 27%, ಅಜೈಲ್‌ಗೆ (ಮಾಡುತ್ತ ಮಾಡುತ್ತ ರೂಪ ಕೊಡುವ ವಿಧಾನಕ್ಕೆ) 20%, ಯೋಜನಾಬದ್ಧ ವಿಧಾನಕ್ಕೆ 17%. ಹಳೆಯ ಪುಸ್ತಕ ಹಿಡಿದು ಓದಿದವರು ಬಿಸಿನೆಸ್ ಅನಾಲಿಸಿಸ್ ಭಾಗದಲ್ಲಿ ಮಣ್ಣು ಮುಕ್ಕುತ್ತಾರೆ, ಏಕೆಂದರೆ ಮೊದಲು ಆ ಭಾಗವೇ ಇರಲಿಲ್ಲ. ವಿಟಿಯು ಕಾಲೇಜುಗಳ ಕೊನೆಯ ವರ್ಷದವರಿಗೆ, ಕೆಲಸಕ್ಕೆ ಸೇರಿ ಎರಡು ವರ್ಷ ಆಗದವರಿಗೆ ನಮ್ಮ ಸಲಹೆ ನೇರವಾಗಿ ಇದೇ. ಒಂದು ಲಾಭವೂ ಇದೆ: ಸಿಎಪಿಎಂ ಚಾಲ್ತಿಯಲ್ಲಿದ್ದರೆ ಮುಂದೆ ಪಿಎಂಪಿಗೆ 35 ಗಂಟೆಯ ತರಬೇತಿ ಬೇರೆಯಾಗಿ ತೋರಿಸಬೇಕಿಲ್ಲ. ಆದರೆ 30 ತಿಂಗಳ ಅನುಭವ ಆಗಲೇ ಇದ್ದವರು ಸಿಎಪಿಎಂಗೆ ದುಡ್ಡು ಹಾಕುವುದು ದಂಡ. ಆರು ತಿಂಗಳು ಕಾಯಿರಿ.

ಪ್ರಿನ್ಸ್-2ರ ದಾರಿ ಬೇರೆ. ಬ್ರಿಟನ್ ಸರ್ಕಾರದ ಪದ್ಧತಿಯಾಗಿ ಬೆಳೆದು 1996ರಲ್ಲಿ ಈ ಹೆಸರಿನಲ್ಲಿ ಬಂದದ್ದು. ಈಗಿನ 7ನೇ ಆವೃತ್ತಿ 2023ರದು, ಪರೀಕ್ಷೆ ನಡೆಸುವುದು ಪೀಪಲ್‌ಸರ್ಟ್. ಫೌಂಡೇಶನ್‌ಗೆ ಅನುಭವವೂ ಬೇಡ, ತರಬೇತಿಯ ಗಂಟೆಯೂ ಬೇಡ. 60 ಪ್ರಶ್ನೆ, 60 ನಿಮಿಷ, 36 ಸರಿಯಾದರೆ ಪಾಸ್. ಅದರ ಮೇಲಿನ ಪ್ರಾಕ್ಟೀಷನರ್‌ನಲ್ಲಿ 70 ಅಂಕಕ್ಕೆ 42 ಬೇಕು, ಎರಡೂವರೆ ಗಂಟೆ, ಅಧಿಕೃತ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಪುಸ್ತಕ ತೆರೆದಿದೆ ಎಂದು ಓದದೆ ಹೋದವರು ಹಾಳೆ ಹುಡುಕುವುದರಲ್ಲೇ ಸಮಯ ಕಳೆಯುತ್ತಾರೆ. 7 ತತ್ವ, 7 ಅಭ್ಯಾಸ, 7 ಪ್ರಕ್ರಿಯೆ ಎಂಬ ಚೌಕಟ್ಟು ಓದಲು ಸುಲಭ, ಲೆಕ್ಕವೂ ಇಲ್ಲ. ಆದರೆ ಉತ್ತರ ಕರ್ನಾಟಕದ ನೌಕರಿ ಜಾಹೀರಾತುಗಳಲ್ಲಿ ಇದನ್ನು ಹೆಸರಿಟ್ಟು ಕೇಳುವುದು ಅಪರೂಪ. ಬ್ರಿಟನ್, ಯುರೋಪ್, ಆಸ್ಟ್ರೇಲಿಯಾದ ಗ್ರಾಹಕರಿದ್ದು, ಅವರ ದಾಖಲೆಗಳಲ್ಲಿ "ಪ್ರಾಜೆಕ್ಟ್ ಬೋರ್ಡ್", "ಹೈಲೈಟ್ ರಿಪೋರ್ಟ್", "ಟಾಲರೆನ್ಸ್" ಎಂಬ ಪದಗಳು ಈಗಾಗಲೇ ನಿಮ್ಮ ಕಣ್ಣಿಗೆ ಬೀಳುತ್ತಿದ್ದರೆ ಮಾತ್ರ ಇದನ್ನು ಹಿಡಿಯಿರಿ.

ಇನ್ನು ಸ್ಕ್ರಮ್, ಸಣ್ಣ ತಂಡ ಚಿಕ್ಕ ಸುತ್ತುಗಳಲ್ಲಿ ಕೆಲಸ ಮಾಡುತ್ತ ಹೋಗುವ ಅಜೈಲ್ ಪದ್ಧತಿ. ಸಾಫ್ಟ್‌ವೇರ್‌ನವರಿಗೆ ಎರಡು ಬಾಗಿಲು. ಸ್ಕ್ರಮ್.ಆರ್ಗ್ ಕೊಡುವ ಪಿಎಸ್‌ಎಂ-1ರಲ್ಲಿ 80 ಪ್ರಶ್ನೆ, 60 ನಿಮಿಷ, 85% ಬೇಕು. ಅಂದರೆ 68 ಸರಿ, ತಪ್ಪಿಗೆ 12ರಷ್ಟೇ ಜಾಗ. ಕೋರ್ಸ್ ಕಡ್ಡಾಯವಲ್ಲ, ಪಾಸಾದರೆ ನವೀಕರಣವೂ ಇಲ್ಲ. ಸ್ಕ್ರಮ್ ಅಲಯನ್ಸ್‌ನ ಸಿಎಸ್‌ಎಂಗೆ ಅವರ ಮಾನ್ಯತೆ ಪಡೆದ ತರಬೇತುದಾರರ ಕೋರ್ಸ್ ಕಡ್ಡಾಯ. ಪರೀಕ್ಷೆ 50ಕ್ಕೆ 37, ಎರಡು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಬೇಕು. ಕಂಪನಿ ದುಡ್ಡು ಕೊಡುತ್ತಿದ್ದರೆ ಸಿಎಸ್‌ಎಂ ಮಾಡಿ, ಚರ್ಚೆಯಿಂದ ಕಲಿಯುವುದು ಹೆಚ್ಚು. ಸ್ವಂತ ಜೇಬಾದರೆ ಪಿಎಸ್‌ಎಂ-1. ಅದರ ಮೂಲಪಠ್ಯವಾದ 2020ರ ಸ್ಕ್ರಮ್ ಗೈಡ್ ಉಚಿತ, ಹದಿಮೂರೇ ಪುಟ. ಹದಿಮೂರು ಪುಟ ಎಂದು ಒಂದೇ ಸಲ ಓದಿ ಕೂತರೆ ಫೇಲ್ ಖಂಡಿತ. ಒಂದು ತಿಂಗಳ ಸ್ಪ್ರಿಂಟ್‌ಗೆ (ಕೆಲಸದ ಒಂದು ಸುತ್ತಿಗೆ) ಪ್ಲಾನಿಂಗ್ ಹೆಚ್ಚೆಂದರೆ 8 ಗಂಟೆ, ರಿವ್ಯೂ 4, ರೆಟ್ರೊಸ್ಪೆಕ್ಟಿವ್ 3, ಡೈಲಿ ಸ್ಕ್ರಮ್ 15 ನಿಮಿಷ, ತಂಡ ಸಾಮಾನ್ಯವಾಗಿ 10 ಮಂದಿ ಅಥವಾ ಕಡಿಮೆ. ಇದು ಬಾಯಿಪಾಠ ಆಗಬೇಕು. ಅವರ ತಾಣದಲ್ಲಿ 30 ಪ್ರಶ್ನೆಯ ಉಚಿತ ಅಣಕು ಪರೀಕ್ಷೆ ಇದೆ. ಸತತವಾಗಿ ಪೂರ್ತಿ ಅಂಕ ಬರುವವರೆಗೆ ಶುಲ್ಕ ಕಟ್ಟಬೇಡಿ.

ಸಿವಿಲ್, ಮೆಕ್ಯಾನಿಕಲ್ ಕೆಲಸದವರಿಗೆ ಸ್ಕ್ರಮ್ ಸರ್ಟಿಫಿಕೇಟ್ ಒಂದರಿಂದಲೇ ಆಗುವ ಉಪಯೋಗ ಕಡಿಮೆ. ಕಾಂಕ್ರೀಟ್ ಹಾಕಿದ ಮೇಲೆ ಗೋಡೆಯನ್ನು ಮುಂದಿನ ಸ್ಪ್ರಿಂಟ್‌ನಲ್ಲಿ ಸರಿಸಲು ಬರುವುದಿಲ್ಲ.

ಒಂದೇ ಪ್ರಸಂಗ, ಮೂರು ಉತ್ತರ

ಈ ಪರೀಕ್ಷೆಗಳ ವ್ಯತ್ಯಾಸ ಸಿಲಬಸ್ ಪಟ್ಟಿಗಿಂತ ಒಂದು ಸನ್ನಿವೇಶದಲ್ಲಿ ಚೆನ್ನಾಗಿ ಕಾಣುತ್ತದೆ. ನಗರದೊಳಗೆ ಚರಂಡಿ ಕೆಲಸ ನಡೆದಿದೆ. ವಾರ್ಡಿನ ಸದಸ್ಯರು ಬಂದು, "ಇನ್ನೊಂದ್ ನಲವತ್ತ ಮೀಟರ್ ಮುಂದ ಒಯ್ರಿ, ಬಿಲ್ ಆಮ್ಯಾಲೆ ನೋಡೋಣ" ಎನ್ನುತ್ತಾರೆ. ಈಗ ಮೊದಲು ಏನು ಮಾಡಬೇಕು?

ಪಿಎಂಪಿ, ಸಿಎಪಿಎಂ ಉತ್ತರ: ಹೂಂ ಅನ್ನಬಾರದು, ಉಹೂಂ ಅನ್ನಬಾರದು. ಮೊದಲು ಸಮಯ, ವೆಚ್ಚ, ಗುಣಮಟ್ಟ, ರಿಸ್ಕ್ ಮೇಲೆ ಪರಿಣಾಮ ಅಳೆಯಬೇಕು, ಆಮೇಲೆ ಬದಲಾವಣೆಯ ಕೋರಿಕೆಯನ್ನು ಚೇಂಜ್ ಕಂಟ್ರೋಲ್‌ಗೆ (ಬದಲಾವಣೆಗೆ ಒಪ್ಪಿಗೆ ಕೊಡುವ ವ್ಯವಸ್ಥೆಗೆ) ಒಯ್ಯಬೇಕು. ಒಪ್ಪಿಗೆ ಸಿಕ್ಕರೆ ಬೇಸ್‌ಲೈನ್ (ಮೊದಲು ಒಪ್ಪಿದ ಯೋಜನೆ) ತಿದ್ದಿ, ಸಂಬಂಧಪಟ್ಟವರಿಗೆ ತಿಳಿಸಿ, ಆಮೇಲೆ ಗುದ್ದಲಿ.

ಪ್ರಿನ್ಸ್-2 ಉತ್ತರ: ಇದನ್ನು ಇಶ್ಯೂ ಎಂದು ದಾಖಲಿಸಿ, ಪರಿಣಾಮ ಪರಿಶೀಲಿಸಿ. ಬದಲಾವಣೆ ಒಪ್ಪುವ ಅಧಿಕಾರ ಯಾರಿಗೆ ಕೊಟ್ಟಿದೆಯೋ ಅವರ ಮುಂದಿಡಿ. ನಿಮಗೆ ಕೊಟ್ಟ ಟಾಲರೆನ್ಸ್ (ಸಮಯ, ವೆಚ್ಚದ ಹೆಚ್ಚುಕಡಿಮೆಗೆ ಬಿಟ್ಟ ಮಿತಿ) ಮೀರುವ ಲಕ್ಷಣ ಕಂಡರೆ ಎಕ್ಸೆಪ್ಷನ್ ರಿಪೋರ್ಟ್ ಬರೆದು ಪ್ರಾಜೆಕ್ಟ್ ಬೋರ್ಡ್‌ಗೆ ಕಳಿಸಿ.

ಸ್ಕ್ರಮ್ ಉತ್ತರ: ಬೇಡಿಕೆ ಪ್ರಾಡಕ್ಟ್ ಓನರ್ ಹತ್ತಿರ ಹೋಗಲಿ, ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ಸೇರಿಸುವುದು, ಅದರ ಕ್ರಮ ನಿರ್ಧರಿಸುವುದು ಅವರದು. ಸ್ಪ್ರಿಂಟ್ ಗುರಿಗೆ ಧಕ್ಕೆ ತರುವ ಬದಲಾವಣೆ ನಡುವೆ ನುಗ್ಗಬಾರದು.

ಮೂರರಲ್ಲೂ "ಮಾಡಿಬಿಡಿ, ಆಮೇಲೆ ನೋಡೋಣ" ಎಂಬ ಆಯ್ಕೆ ಇರುತ್ತದೆ, ಮೂರರಲ್ಲೂ ಅದು ತಪ್ಪು. ಹತ್ತು ವರ್ಷ ಸೈಟಿನಲ್ಲಿ ಪಳಗಿದವರು ಹೆಚ್ಚು ಅಂಕ ಕಳೆದುಕೊಳ್ಳುವುದು ಇಂಥಲ್ಲೇ: ಇಲ್ಲಿ ಕೆಲಸ ನಡೆಯುವ ರೀತಿ ಅವರಿಗೆ ಗೊತ್ತು, ಪ್ರಶ್ನೆ ಕೇಳುವವರಿಗೆ ಅದು ಬೇಕಿಲ್ಲ. "ಮೇಲಧಿಕಾರಿಗೆ ತಿಳಿಸಿ ಸುಮ್ಮನಿರಿ" ಎಂಬ ಆಯ್ಕೆಯೂ ಪಿಎಂಪಿಯಲ್ಲಿ ಬಹುಪಾಲು ತಪ್ಪೇ. ಮೊದಲು ನೀವೇ ಪರಿಶೀಲಿಸಬೇಕು.

ಹಾಗೆಂದೇ ಎರಡು ಪರೀಕ್ಷೆಗೆ ಒಟ್ಟಿಗೆ ಓದಬೇಡಿ. ಪದಗಳು ಕಲಸಿಹೋಗುತ್ತವೆ.

ತಪ್ಪಿಸಿಕೊಳ್ಳಲಾಗದ ಲೆಕ್ಕ

ಪಿಎಂಐನ ಎರಡು ಪರೀಕ್ಷೆಗಳಲ್ಲಿ ಲೆಕ್ಕ ಸ್ವಲ್ಪವೇ ಬರುತ್ತದೆ, ಆದರೆ ಅಂಕ ಗ್ಯಾರಂಟಿ. ಮೊದಲನೆಯದು ಕ್ರಿಟಿಕಲ್ ಪಾತ್. ಮಿಲ್ ಓವರ್‌ಹಾಲ್ ತೆಗೆದುಕೊಳ್ಳೋಣ. ರೋಲರ್ ಬಿಚ್ಚಲು 5 ದಿನ. ಬಿಚ್ಚಿದ ಮೇಲೆ ರೋಲರ್ ಶೆಲ್ ಬದಲಿಸಿ ತರಲು 20 ದಿನ. ಅದೇ ಹೊತ್ತಿಗೆ ಗೇರ್‌ಬಾಕ್ಸ್ ಸರ್ವಿಸ್ 12 ದಿನ. ಎರಡೂ ಮುಗಿದರೆ ಜೋಡಣೆ 6 ದಿನ, ಟ್ರಯಲ್ 2 ದಿನ. ರೋಲರ್ ದಾರಿ 33 ದಿನ, ಗೇರ್‌ಬಾಕ್ಸ್ ದಾರಿ 25 ದಿನ. ಉದ್ದದ್ದೇ ಕ್ರಿಟಿಕಲ್, ಗೇರ್‌ಬಾಕ್ಸ್‌ಗೆ 8 ದಿನ ಫ್ಲೋಟ್, ಅಂದರೆ ಅಷ್ಟು ತಡವಾದರೂ ಇಡೀ ಕೆಲಸ ತಡವಾಗದು. ಗೇರ್‌ಬಾಕ್ಸ್ 10 ದಿನ ತಡವಾದರೆ ಇಡೀ ಕೆಲಸ ಎಷ್ಟು ತಡ? 10 ಎಂದು ಗುರುತು ಹಾಕುವವರೇ ಹೆಚ್ಚು. ಸರಿ ಉತ್ತರ 2. ಗೇರ್‌ಬಾಕ್ಸ್ ಫಿಟ್ಟರ್‌ಗಳಿಗೆ ಓವರ್‌ಟೈಮ್ ಕೊಟ್ಟು ನಾಲ್ಕು ದಿನ ಉಳಿಸಿದರೆ ಎಷ್ಟು ಲಾಭ? ಸೊನ್ನೆ. ಹೆಚ್ಚು ದುಡ್ಡು ಸುರಿದು ಸಮಯ ಕಡಿಮೆ ಮಾಡುವುದು ಕ್ರ್ಯಾಶಿಂಗ್, ಅದು ಕ್ರಿಟಿಕಲ್ ಪಾತ್ ಮೇಲೆ ಮಾತ್ರ ಫಲ ಕೊಡುತ್ತದೆ. ಒಂದರ ಹಿಂದೆ ಒಂದು ಆಗಬೇಕಾದದ್ದನ್ನು ಒಟ್ಟಿಗೆ ನಡೆಸುವುದು ಫಾಸ್ಟ್ ಟ್ರ್ಯಾಕಿಂಗ್. ದುಡ್ಡಿಗಿಂತ ರಿಸ್ಕ್ ಹೆಚ್ಚುತ್ತದೆ, ಮಾಡಿದ್ದನ್ನೇ ಮತ್ತೆ ಮಾಡಬೇಕಾಗಬಹುದು.

ಎರಡನೆಯದು ಅರ್ನ್ಡ್ ವ್ಯಾಲ್ಯೂ. 60 ಲಕ್ಷದ ಕೆಲಸ, ಆರು ತಿಂಗಳು, ಪ್ರತಿ ತಿಂಗಳು ಸಮನಾದ ಪಾಲು ಎಂದಿಟ್ಟುಕೊಳ್ಳಿ. ಮೂರು ತಿಂಗಳಾದಾಗ ಆಗಬೇಕಿದ್ದ ಕೆಲಸದ ಬೆಲೆ 30 ಲಕ್ಷ, ಇದು ಪಿವಿ. ನಿಜವಾಗಿ ಆದದ್ದು 40% ಕೆಲಸ, ಅಂದರೆ 24 ಲಕ್ಷ, ಇದು ಇವಿ. ಖರ್ಚಾದದ್ದು 32 ಲಕ್ಷ, ಎಸಿ. ಸಿಪಿಐ (ಖರ್ಚಿನ ಸೂಚ್ಯಂಕ) ಅಂದರೆ 24 ಭಾಗಿಸು 32, 0.75. ಎಸ್‌ಪಿಐ (ವೇಳಾಪಟ್ಟಿಯ ಸೂಚ್ಯಂಕ) 24 ಭಾಗಿಸು 30, 0.80. ಎರಡೂ ಒಂದಕ್ಕಿಂತ ಕಡಿಮೆ: ಖರ್ಚು ಮೀರಿದೆ, ಕೆಲಸ ಹಿಂದೆ ಬಿದ್ದಿದೆ. ಇದೇ ಗತಿಯಲ್ಲಿ ಹೋದರೆ ಒಟ್ಟು ವೆಚ್ಚ 60 ಭಾಗಿಸು 0.75, ಅಂದರೆ 80 ಲಕ್ಷ. 60 ಲಕ್ಷದಲ್ಲೇ ಮುಗಿಸಲೇಬೇಕೆಂದರೆ ಉಳಿದ 36 ಲಕ್ಷದ ಕೆಲಸವನ್ನು ಉಳಿದ 28 ಲಕ್ಷ ರೂಪಾಯಿಯಲ್ಲಿ ಮಾಡಬೇಕು, ಟಿಸಿಪಿಐ (ಇನ್ನು ಮುಂದೆ ಬೇಕಾದ ಸಿಪಿಐ) ಸುಮಾರು 1.29. ಇಲ್ಲಿಯವರೆಗೆ 0.75ರಲ್ಲಿ ಓಡಿದ ಕೆಲಸ 1.29ಕ್ಕೆ ಏರುವುದು ಕನಸು. ಪ್ರಶ್ನೆಯಲ್ಲಿ ಕೇಳುವುದೂ ಸಂಖ್ಯೆಗಿಂತ ಈ ತೀರ್ಮಾನವನ್ನೇ. ಬಿಲ್ ಆದ ಮೊತ್ತವನ್ನು ಇವಿ ಎಂದುಕೊಳ್ಳುವುದು ಗುತ್ತಿಗೆ ಕೆಲಸದವರ ಮಾಮೂಲಿ ತಪ್ಪು. ಬಿಲ್ ಬಾಕಿ ಇದ್ದರೂ ಆದ ಕೆಲಸ ಆದದ್ದೇ.

ಮೂರು ಅಂದಾಜಿನ ಸೂತ್ರ ಸುಲಭ: ಬೇಗ ಆದರೆ 4 ದಿನ, ಸಾಮಾನ್ಯವಾಗಿ 6, ಕೆಟ್ಟರೆ 14. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಆರರಿಂದ ಭಾಗಿಸಿದರೆ 7. ಸಂವಹನದ ದಾರಿಗಳೂ ಹಾಗೇ, ಮಂದಿಯ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿ: 8 ಮಂದಿ ಇದ್ದರೆ 28, 12 ಆದರೆ 66.

ಪಿಎಂಪಿ ದಿನ

2021ರ ರೂಪುರೇಷೆಯ ಪರೀಕ್ಷೆಯಲ್ಲಿ 180 ಪ್ರಶ್ನೆ, 230 ನಿಮಿಷ, 60 ಮತ್ತು 120ನೇ ಪ್ರಶ್ನೆಯ ನಂತರ ಹತ್ತು ಹತ್ತು ನಿಮಿಷದ ಬಿಡುವು. ಬಿಡುವಿನ ನಂತರ ಹಿಂದಿನ ಭಾಗಕ್ಕೆ ಮರಳಲು ಬರುವುದಿಲ್ಲ. ಅದರಲ್ಲಿ ಪ್ರಕ್ರಿಯೆಗೆ 50%, ಜನರಿಗೆ 42%, ಬಿಸಿನೆಸ್ ವಾತಾವರಣಕ್ಕೆ 8%. ಪ್ರಶ್ನೆಗಳಲ್ಲಿ ಅರ್ಧದಷ್ಟು ಅಜೈಲ್ ಅಥವಾ ಹೈಬ್ರಿಡ್ (ಎರಡೂ ವಿಧಾನ ಬೆರೆತದ್ದು). 2026ರ ಜುಲೈನಿಂದ ಹೊಸ ರೂಪುರೇಷೆ ಎಂದು ಪಿಎಂಐ ಪ್ರಕಟಿಸಿದ್ದು, ಅದರಲ್ಲಿ ಬಿಸಿನೆಸ್ ವಾತಾವರಣದ ಪಾಲು 26%ಗೆ ಏರುತ್ತದೆ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವ ಮೊದಲು ಅದು ಯಾವ ರೂಪುರೇಷೆಯದು ನೋಡಿ. 49 ಪ್ರಕ್ರಿಯೆಗಳ ಕೋಷ್ಟಕ ಬಾಯಿಪಾಠ ಮಾಡಿಸುವ ಕೋಚಿಂಗ್ ಪಿಎಂಐನ ಮಾರ್ಗದರ್ಶಿ ಪುಸ್ತಕದ 2017ರ ಆವೃತ್ತಿಯಲ್ಲೇ ನಿಂತಿದೆ ಎಂದು ತಿಳಿಯಿರಿ. "ಅರ್ಜಿಯನ್ನೂ ನಾವೇ ತುಂಬಿಕೊಡುತ್ತೇವೆ, ಪಾಸ್ ಗ್ಯಾರಂಟಿ" ಎನ್ನುವವರಿಂದ ದೂರವಿರಿ. ಸುಳ್ಳು ಅನುಭವ ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಅನುಭವಿಸುವವರು ನೀವು, ಅವರಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲಿ, ಕನ್ನಡ ಇಲ್ಲ. ಪ್ರಶ್ನೆಯೊಂದಕ್ಕೆ ಸಿಗುವುದು ಸುಮಾರು 77 ಸೆಕೆಂಡ್, ಪ್ರಶ್ನೆಯೇ ನಾಲ್ಕೈದು ಸಾಲು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯಕ್ಕಿಂತ ಓದುವ ವೇಗವೇ ತೊಡಕು. ಕೊನೆಯ ಸಾಲನ್ನು ಮೊದಲು ಓದಿ, ಕೇಳಿದ್ದೇನು ಎಂದು ತಿಳಿದು, ಆಮೇಲೆ ಮೇಲಿನ ಕಥೆಗೆ ಬನ್ನಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಕನಿಷ್ಠ ನಾಲ್ಕು ಪೂರ್ಣ ಅಣಕು ಪರೀಕ್ಷೆಗಳನ್ನು ಕುರ್ಚಿ ಬಿಟ್ಟೇಳದೆ ಬರೆದಿರಬೇಕು. 20 ಪ್ರಶ್ನೆಯ ತುಣುಕುಗಳಲ್ಲಿ 80% ತೆಗೆದವರು 140ನೇ ಪ್ರಶ್ನೆಯ ಹೊತ್ತಿಗೆ ಸೋತು ಹೋಗುತ್ತಾರೆ. ಅರ್ಜಿ ಒಪ್ಪಿಗೆಯಾದ ಒಂದು ವರ್ಷದೊಳಗೆ ಮೂರು ಸಲ ಬರೆಯಬಹುದು, ಆದರೆ ಮರುಪರೀಕ್ಷೆಗೆ ಮತ್ತೆ ಶುಲ್ಕ.

ಮನೆಯಿಂದ ಬರೆಯುವುದೋ, ಕೇಂದ್ರಕ್ಕೆ ಹೋಗುವುದೋ? ಬೆಂಗಳೂರು ಅಥವಾ ಪುಣೆಗೆ ರಾತ್ರಿ ಪ್ರಯಾಣ ಮಾಡಿ ನಿದ್ದೆಗಣ್ಣಲ್ಲಿ ಬರೆಯುವುದು ಒಳ್ಳೆಯದಲ್ಲ, ಹೋಗುವುದಾದರೆ ಹಿಂದಿನ ದಿನವೇ ತಲುಪಿ. ಮನೆಯಿಂದಾದರೆ ಕಂಪನಿಯ ಲ್ಯಾಪ್‌ಟಾಪ್ ಬೇಡ, ಅದರ ಫೈರ್‌ವಾಲ್ ಪರೀಕ್ಷೆಯ ತಂತ್ರಾಂಶವನ್ನು ತಡೆಯುತ್ತದೆ. ರೂಟರ್‌ಗೂ ಯುಪಿಎಸ್ ಇರಲಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದು ವೈಫೈ ಸತ್ತರೆ ಫಲವಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ, ಬೆಳಗಿನ ಹೊತ್ತನ್ನೇ ಆರಿಸಿ. ಕೋಣೆಗೆ ಯಾರಾದರೂ ಕಾಲಿಟ್ಟರೆ ಪರೀಕ್ಷೆ ರದ್ದಾಗಬಹುದು. ಚಹಾ ತರುವ ಪ್ರೀತಿಯೂ ಆ ನಾಲ್ಕು ಗಂಟೆ ಬಾಗಿಲಾಚೆಗಿರಲಿ.

ಗುರುತಿನ ಚೀಟಿಯ ಹೆಸರು ಮತ್ತು ಪಿಎಂಐ ಖಾತೆಯ ಹೆಸರು ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲು, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುವುದು ಈ ಭಾಗದಲ್ಲಿ ಮಾಮೂಲಿ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ ಖಾತೆ ತೆರೆಯಿರಿ. ಪರೀಕ್ಷೆಯ ದಿನ ತಿದ್ದಲು ಆಗುವುದಿಲ್ಲ.

ದಿನಾಂಕ ಗೊತ್ತುಮಾಡುವಾಗ ನಿಮ್ಮ ಕೆಲಸದ ವರ್ಷ ನೋಡಿಕೊಳ್ಳಿ. ಸರ್ಕಾರಿ ಗುತ್ತಿಗೆಯವರು ಮಾರ್ಚ್ ಬಿಟ್ಟುಬಿಡಿ, ಬಿಲ್ಲುಗಳ ಗದ್ದಲದಲ್ಲಿ ಓದು ನಡೆಯದು. ಮಳೆಗಾಲದಲ್ಲಿ ಓದಿ ಸೆಪ್ಟೆಂಬರ್ ಹೊತ್ತಿಗೆ ಬರೆಯಿರಿ. ಸಕ್ಕರೆ ಕಾರ್ಖಾನೆಯವರಿಗೆ ಹಂಗಾಮಿನ ಪಾಳಿಯೇ ಓದಿಗೆ ಅನುಕೂಲ, ಓವರ್‌ಹಾಲ್ ದಿನಗಳಲ್ಲಿ ಪ್ರಾಜೆಕ್ಟಿನ ದಾಖಲೆ, ಅನುಭವದ ಟಿಪ್ಪಣಿ ಕೂಡಿಡಿ. ದಿನಕ್ಕೆ ಒಂದೂವರೆ ಗಂಟೆಯಂತೆ ಪಿಎಂಪಿಗೆ ಮೂರರಿಂದ ನಾಲ್ಕು ತಿಂಗಳು, ಸಿಎಪಿಎಂಗೆ ಎರಡು, ಪ್ರಿನ್ಸ್-2 ಫೌಂಡೇಶನ್ ಮತ್ತು ಪಿಎಸ್‌ಎಂ-1ಕ್ಕೆ ಮೂರರಿಂದ ಐದು ವಾರ ಇಟ್ಟುಕೊಳ್ಳಬಹುದು.

ಪಾಸಾದ ಮೇಲಿನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಪಿಎಂಪಿಗೆ ಮೂರು ವರ್ಷದಲ್ಲಿ 60 ಪಿಡಿಯು, ಸಿಎಪಿಎಂಗೆ 15, ಜೊತೆಗೆ ನವೀಕರಣ ಶುಲ್ಕ. ಒಂದು ಪಿಡಿಯು ಎಂದರೆ ಒಂದು ಗಂಟೆಯ ಕಲಿಕೆ ಅಥವಾ ವೃತ್ತಿಗೆ ಕೊಟ್ಟ ಸೇವೆ. ಉಚಿತ ವೆಬಿನಾರ್‌ಗಳಲ್ಲೇ ಬಹುಪಾಲು ತುಂಬುತ್ತದೆ, ಆದರೆ ಮೂರನೇ ವರ್ಷದ ಕೊನೆಯ ತಿಂಗಳವರೆಗೆ ಬಿಟ್ಟರೆ ದುಡ್ಡು ಕೊಟ್ಟು ಕೋರ್ಸ್ ಕೊಳ್ಳಬೇಕಾಗುತ್ತದೆ. ತಿಂಗಳಿಗೆ ಎರಡು ಗಂಟೆಯಂತೆ ದಾಖಲಿಸುತ್ತ ಹೋದರೆ 30 ತಿಂಗಳಲ್ಲಿ ಮುಗಿಯುತ್ತದೆ.